ಮಂಗಳೂರಿನ ಫ್ಲ್ಯಾಟಿನಲ್ಲಿ ಗಿಡ ಯಾಕೆ ಸಾಯುತ್ತದೆ?

ನಮಸ್ಕಾರ. ಮಂಗಳೂರಲ್ಲಿ ಕೂತು "ನಮ್ಮ ಮನೆಯಲ್ಲಿ ಗಿಡ ಬದುಕುವುದಿಲ್ಲ" ಅಂತ ಹೇಳಿದರೆ ಘಟ್ಟದ ಮೇಲಿನವರು ನಗುತ್ತಾರೆ. ನಗಬೇಕಾದ್ದೇ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು ಇದು. ಜೂನ್ ಬಂತು ಅಂದರೆ ಕಾಂಪೌಂಡಿನ ಮುರಕಲ್ಲಿನ ಮೇಲೆ ಪಾಚಿ, ಪಾಚಿಯ ಮೇಲೆ ಜರಿಗಿಡ. ಟೆರೇಸಿನ ಬಿರುಕಲ್ಲಿ ಯಾರೂ ನೆಡದ ಅಶ್ವತ್ಥ. ಕಿತ್ತರೆ ಮತ್ತೆ ಬರುತ್ತದೆ. ಇಂಥ ಊರಲ್ಲಿ ನಾಲ್ಕನೇ ಮಹಡಿಯ ಹಾಲ್‌ನಲ್ಲಿ, ಟಿವಿಯ ಪಕ್ಕ, ಬಿಳಿ ಪಿಂಗಾಣಿ ಚಟ್ಟಿಯಲ್ಲಿ ಇಟ್ಟ ಪೀಸ್ ಲಿಲಿ ಮಾತ್ರ ಕೆಲವೇ ತಿಂಗಳಲ್ಲಿ ಕೊಳೆತು ಹೋಗುತ್ತದೆ. ಅದನ್ನು ದಿನಾ ಮಾತಾಡಿಸುತ್ತಿದ್ದವರು ಬೇರೆ ಇರುತ್ತಾರೆ.

ಆಗ ಎಲ್ಲರ ಬಾಯಲ್ಲೂ ಒಂದೇ ಮಾತು. "ನನಗೆ ಕೈಗುಣ ಇಲ್ಲ ಮಾರಾಯ್ರೆ. ನಮ್ಮ ಅಜ್ಜಿಗೆ ಇತ್ತು. ಕಡ್ಡಿ ಊರಿದರೂ ಚಿಗುರುತ್ತಿತ್ತು."

ಈ ಕೈಗುಣದ ಮಾತನ್ನು ನಾನು ಒಪ್ಪುವುದಿಲ್ಲ. ಅಜ್ಜಿಯ ಗಿಡಗಳು ಎಲ್ಲಿದ್ದವು, ಸ್ವಲ್ಪ ನೆನಪು ಮಾಡಿಕೊಳ್ಳಿ. ತುಳಸಿ ಅಂಗಳದ ನಡುವೆ, ಕಟ್ಟೆಯ ಮೇಲೆ, ನೆತ್ತಿಗೆ ಬಿಸಿಲು. ಬಸಳೆ ಬಾವಿಯ ಹತ್ತಿರ ಚಪ್ಪರದಲ್ಲಿ. ಕೆಸು ಬಚ್ಚಲಿನ ನೀರು ಹರಿದು ಹೋಗುವ ಕಡೆ. ದಾಸವಾಳ ಬೇಲಿಯಲ್ಲಿ. ಮನೆಯ ಒಳಗೆ? ಒಂದೂ ಇಲ್ಲ. ಹೆಂಚಿನ ಮನೆ ಒಳಗೆ ಎಷ್ಟು ಕತ್ತಲೆ ಅಂದರೆ, ಹಗಲಲ್ಲಿ ಅಡುಗೆ ಮಾಡುವವರಿಗೆ ಕಾಣಲಿ ಅಂತ ಮಾಡಿನಲ್ಲಿ ಒಂದು ಗಾಜಿನ ಹೆಂಚು ಹಾಕಿಸುತ್ತಿದ್ದರು. ಅಜ್ಜಿ ಚಾವಡಿಯೊಳಗೆ ಗಿಡ ಇಟ್ಟಿದ್ದರೆ ಅದೂ ಸಾಯುತ್ತಿತ್ತು, ಕೈಗುಣ ಸಮೇತ. ಅವರು ಜಾಗ ನೋಡಿ ಗಿಡ ನೆಟ್ಟರು. ನಾವು ಗಿಡ ಕೊಂಡು ತಂದು, ಆಮೇಲೆ ಸೋಫಾಕ್ಕೆ ಮ್ಯಾಚ್ ಆಗುವ ಮೂಲೆ ಹುಡುಕುತ್ತೇವೆ.

"ನಮ್ಮ ಹಾಲ್‌ನಲ್ಲಿ ಒಳ್ಳೆ ಬೆಳಕು ಉಂಟಲ್ಲ" ಅಂತೀರಿ. ಅದು ಕಣ್ಣಿನ ಮೋಸ. ನಮ್ಮ ಕಣ್ಣು ಮಬ್ಬು ಬೆಳಕಿಗೆ ಬೇಗ ಹೊಂದಿಕೊಳ್ಳುತ್ತದೆ, ಎಲೆಗೆ ಆ ಸೌಕರ್ಯ ಇಲ್ಲ. ಫೋನಿಗೆ ಲಕ್ಸ್, ಅಂದರೆ ಬೆಳಕಿನ ಪ್ರಮಾಣ, ಅಳೆಯುವ ಆ್ಯಪ್ ಹಾಕಿ ನೋಡಿ. ತೀರಾ ಕರಾರುವಾಕ್ಕು ಅಲ್ಲ, ಅಂದಾಜು ಸಿಗುತ್ತದೆ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್. ಬಿಸಿಲು ಬೀಳದ ಕಿಟಕಿಯ ಹತ್ತಿರ ಒಂದೆರಡು ಸಾವಿರ. ಟಿವಿ ಪಕ್ಕದ ಮೂಲೆಯಲ್ಲಿ 100 ಬಂದರೆ ದೊಡ್ಡದು. ಅಷ್ಟರಲ್ಲಿ ಗಿಡ ತಯಾರಿಸುವ ಆಹಾರ ಅದರ ಉಸಿರಾಟದ ಖರ್ಚಿಗೂ ಸಾಲುವುದು ಕಷ್ಟ. ನರ್ಸರಿಯಲ್ಲಿ ಕೂಡಿಟ್ಟದ್ದನ್ನು ಕರಗಿಸುತ್ತಾ ದಿನ ದೂಡುತ್ತದೆ. ಅದಕ್ಕೇ ಮೊದಲ ತಿಂಗಳು ಅಷ್ಟು ಚೆಂದ ಕಾಣುವುದು. ಝಡ್‌ಝಡ್ ಪ್ಲಾಂಟಿಗೆ ಮಣ್ಣಿನೊಳಗೆ ಗೆಡ್ಡೆ ಇರುವುದರಿಂದ ಇನ್ನೂ ಜಾಸ್ತಿ ದಿನ ಎಳೆಯುತ್ತದೆ. ಜನ ಅದನ್ನು "ಸಾಯದ ಗಿಡ" ಅನ್ನುತ್ತಾರೆ. ನನ್ನ ಪ್ರಕಾರ ಅದು ನಿಧಾನಕ್ಕೆ ಸಾಯುವ ಗಿಡ, ಅಷ್ಟೇ.

ನರ್ಸರಿಯವರನ್ನು ಬೈದು ಪ್ರಯೋಜನ ಇಲ್ಲ. "ಇನ್‌ಡೋರ್ ಗಿಡ, ಬಿಸಿಲು ಬೇಡ" ಅಂತಾರೆ. ಹೌದು, ನೇರ ಬಿಸಿಲು ಬೇಡ. ಬೆಳಕು ಬೇಡ ಅಂತ ಅವರು ಎಲ್ಲಿ ಹೇಳಿದರು? ಅವರ ಹತ್ತಿರ ಅದೇ ಗಿಡ ಹಸಿರು ನೆಟ್ಟಿನ ಕೆಳಗೆ, ತೆರೆದ ಜಾಗದಲ್ಲಿ, ಸಾವಿರಾರು ಲಕ್ಸ್ ಬೆಳಕಲ್ಲಿ ನಿಂತಿತ್ತು.

ಇನ್ನು ನೀರು. ಪ್ರೀತಿ ಇರುವವರ ಮನೆಯಲ್ಲೇ ಗಿಡ ಬೇಗ ಸಾಯುವುದು ಈ ನೀರಿನಿಂದ. ಬೆಳಗ್ಗೆ ಎದ್ದು ಸ್ನಾನ ಮಾಡಿ ತುಳಸಿಗೆ ಒಂದು ಚೆಂಬು ನೀರು ಹಾಕುವುದನ್ನು ನೋಡಿ ಬೆಳೆದವರು ನಾವು. ಬಿಸಿಲಿನ ಕಟ್ಟೆಯಲ್ಲಿ ಆ ನೀರು ಸಂಜೆಯೊಳಗೆ ಆರುತ್ತದೆ. ಮೂಲೆಯಲ್ಲಿರುವ ಗಿಡಕ್ಕೆ ಬೆಳಕು ಕಡಿಮೆ, ಹಾಗಾಗಿ ಅದು ಕುಡಿಯುವುದೂ ಕಡಿಮೆ. ಹಾಕಿದ ನೀರು ಮಣ್ಣಲ್ಲೇ ನಿಲ್ಲುತ್ತದೆ. ಮಣ್ಣಿನ ಸಂದಿಯಲ್ಲಿ ಗಾಳಿ ಇರಬೇಕಾದ ಕಡೆಯೆಲ್ಲ ನೀರು ತುಂಬುತ್ತದೆ. ಬೇರಿಗೂ ಆಮ್ಲಜನಕ ಬೇಕು ಅಲ್ವಾ, ಸಿಗದೆ ಕೊಳೆಯಲು ಸುರುವಾಗುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಎಲೆ ಬಾಡಿ ಜೋತು ಬೀಳುತ್ತದೆ, ನೋಡಿದರೆ ಥೇಟ್ ಬಾಯಾರಿದ ಗಿಡದ ಹಾಗೆ. ಪಾಪ ಅಂತ ನಾವು ಇನ್ನೊಂದು ಚೆಂಬು ಹಾಕುತ್ತೇವೆ. ಅಲ್ಲಿಗೆ ಮುಗಿಯಿತು. ಆ ಬಿಳಿ ಪಿಂಗಾಣಿ ಚಟ್ಟಿಯ ಅಡಿಯಲ್ಲಿ ಎಷ್ಟೋ ಸಲ ತೂತೂ ಇರುವುದಿಲ್ಲ.

ಬೆರಳನ್ನು ಎರಡು ಗಂಟಿನಷ್ಟು ಮಣ್ಣೊಳಗೆ ಹಾಕಿ. ತೇವ ತಾಗಿದರೆ ಚೆಂಬು ವಾಪಸ್ ಇಡಿ. ಇದಕ್ಕೆ ದುಡ್ಡು ಕೊಟ್ಟು ಮೀಟರ್ ತರಿಸುವವರೂ ಇದ್ದಾರೆ, ಅವರಿಗೆ ನಾನೇನು ಹೇಳಲಿ.

ನನಗೆ ನಿಜವಾಗಿ ಸಿಟ್ಟು ಬರುವುದು ಇಂಟರ್ನೆಟ್ಟಿನ ಸಲಹೆಗಳ ಮೇಲೆ. ಅವುಗಳಲ್ಲಿ ಮುಕ್ಕಾಲು ಪಾಲು ಚಳಿ ದೇಶದವರು ಅವರ ಮನೆಗೆ ಬರೆದುಕೊಂಡದ್ದು. ಅವರ ತಪ್ಪಲ್ಲ. ನಾವು ಅದನ್ನು ತಂದು ಮಂಗಳೂರಿನ ಬೆಂದೂರ್‌ವೆಲ್‌ನಲ್ಲಿ ಮಾಡಿದರೆ? "ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ" ಅಂತಾರೆ. ಯಾಕೆಂದರೆ ಅಲ್ಲಿ ಡಿಸೆಂಬರಲ್ಲಿ ಬೆಳಕಿಲ್ಲ. ನಮಗೆ ಡಿಸೆಂಬರ್ ಅಂದರೆ ಮೋಡ ಇಲ್ಲದ ಆಕಾಶ, ಝಗಝಗ ಬಿಸಿಲು. ನಮ್ಮ ಕತ್ತಲೆಯ ಕಾಲ ಜೂನ್, ಜುಲೈ, ಆಗಸ್ಟ್. ಇರಚಲು ಬರುತ್ತದೆ ಅಂತ ಕಿಟಕಿ ಮುಚ್ಚಿರುತ್ತೇವೆ. ಬಾಲ್ಕನಿಗೆ ಪ್ಲಾಸ್ಟಿಕ್ ಶೀಟು. ಒಳಗೆ ಹಗ್ಗ ಕಟ್ಟಿ ಒಣ ಹಾಕಿದ ಬಟ್ಟೆ. ಆ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಚಟ್ಟಿಯ ಮಣ್ಣು ಒಣಗುತ್ತದಾ? ನೀರು ಕಡಿಮೆ ಮಾಡಬೇಕಾದ್ದು ಆಗ.

ಕಿಟಕಿಯದ್ದೂ ಹಾಗೆಯೇ. ದಕ್ಷಿಣದ ಕಿಟಕಿ ಒಳ್ಳೆಯದು, ಉತ್ತರದ್ದಕ್ಕೆ ಬಿಸಿಲೇ ಬರುವುದಿಲ್ಲ ಅಂತ ಬರೆದಿರುತ್ತಾರೆ. ನಾವು ಇರುವುದು ಹೆಚ್ಚು ಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ತಲೆಗಿಂತ ಉತ್ತರಕ್ಕೆ ಇರುತ್ತಾನೆ. ಮೇ ತಿಂಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲು ಬರುತ್ತದೆ, ದಕ್ಷಿಣದ ಕಿಟಕಿಗೆ ಬರುವುದಿಲ್ಲ. ಜನವರಿಯಲ್ಲಿ ತಿರುಗಮುರುಗ. ಆದ್ದರಿಂದ ಚಟ್ಟಿಯನ್ನು ವರ್ಷವಿಡೀ ಒಂದೇ ಕಡೆ ಇಡಬಾರದು.

ಇನ್ನೊಂದು ಸಲಹೆ, ಎಲೆಗಳಿಗೆ ನೀರು ಸ್ಪ್ರೇ ಮಾಡಿ ಅನ್ನುವುದು. ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುವ ಊರು ಇದು. ಹಪ್ಪಳ ಕರಿದು ಐದು ನಿಮಿಷ ಹೊರಗಿಟ್ಟರೆ ಮೆತ್ತಗಾಗುತ್ತದೆ. ಇಲ್ಲಿ ಎಲೆಗೆ ಸ್ಪ್ರೇ ಯಾಕೆ? ಮಳೆಗಾಲದಲ್ಲಿ ಎಲೆ ಚುಕ್ಕೆ ರೋಗಕ್ಕೆ ನಾವೇ ಬಾಗಿಲು ತೆರೆದ ಹಾಗೆ.

ಯಾವ ಗಿಡ ತರಬೇಕು ಅಂತ ಕೇಳುತ್ತೀರಿ. ಯಾವುದು ಬೇಡ ಅಂತ ಮೊದಲು ಹೇಳುತ್ತೇನೆ. ಲ್ಯಾವೆಂಡರ್ ಬೇಡ. ಅದು ಮೆಡಿಟರೇನಿಯನ್ ಕಡೆಯದ್ದು. ಅಲ್ಲಿ ಮಳೆ ಬರುವುದು ಚಳಿಯಲ್ಲಿ, ಬೇಸಿಗೆ ಒಣ. ನಮ್ಮದು ಪೂರ್ತಿ ಉಲ್ಟಾ. ಸಕ್ಯುಲೆಂಟ್‌ಗಳೂ ನಮ್ಮ ಮಳೆಗಾಲ ದಾಟುವುದು ಕಷ್ಟ. ಮಾನ್ಸ್ಟೆರಾ ಚೆನ್ನಾಗಿ ಬರುತ್ತದೆ, ಕಿಟಕಿಯ ಪಕ್ಕ ಇಟ್ಟರೆ. ಯಾಕೆ ಬರುತ್ತದೆ ಗೊತ್ತಾ? ಅದು ನಮ್ಮ ಪತ್ರೊಡೆಯ ಕೆಸುವಿನ ಕುಟುಂಬದ್ದು, ಮನಿಪ್ಲಾಂಟೂ ಅದೇ ಕುಟುಂಬ. ಬಿಸಿ, ತೇವದ ಗಾಳಿ ಎಲ್ಲ ಅವಕ್ಕೆ ಇಷ್ಟ. ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಮರದ ಮೇಲೆ ತನ್ನಷ್ಟಕ್ಕೆ ಬರುವ ಮರಕೆಸುವನ್ನು ಕೊಯ್ದು ಪತ್ರೊಡೆ ಮಾಡುತ್ತೇವೆ. ಅದರ ನೆಂಟನನ್ನು ನೂರಾರು ರೂಪಾಯಿ ಕೊಟ್ಟು ತಂದು ಟಿವಿ ಹಿಂದೆ ಇಡುತ್ತೇವೆ. ಬಾಲ್ಕನಿಗೆ ಅರ್ಧ ದಿನ ಬಿಸಿಲು ಬರುತ್ತದಾ? ದೊಡ್ಡಪತ್ರೆ ನೆಡಿ, ನಮ್ಮ ಕಡೆ ಸಾಂಬ್ರಾಣಿ ಅನ್ನುವುದು. ಒಂದು ಕಡ್ಡಿ ಸಾಕು. ತಂಬುಳಿಗಾದರೂ ಆಗುತ್ತದೆ. ಮಲ್ಲಿಗೆಗೆ ಮಾತ್ರ ಬಾಲ್ಕನಿ ಸಾಲುವುದಿಲ್ಲ. ಮಲ್ಲಿಗೆಗೆ ಹೆಸರಾದ ಉಡುಪಿ ಕಡೆಯ ಶಂಕರಪುರದಲ್ಲಿ ಅದು ಬೆಳೆಯುವುದು ಬಯಲಲ್ಲಿ. ಫ್ಲ್ಯಾಟಿನಲ್ಲಿ ಎಲೆ ಬರುತ್ತದೆ, ಹೂವಿಗೆ ಟೆರೇಸಿನ ಬಿಸಿಲು ಬೇಕು.

ಮನಿಪ್ಲಾಂಟನ್ನು ಬಾಟಲಿ ನೀರಲ್ಲಿ ಇಡುವವರಿಗೆ ಒಂದು ಮಾತು. ವಾರಕ್ಕೊಮ್ಮೆ ನೀರು ಬದಲಿಸಿ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಲ್ಲೇ. ಆರೋಗ್ಯ ಇಲಾಖೆಯವರು ಲಾರ್ವಾ ಹುಡುಕಲು ಬಂದಾಗ ಹೂವಿನ ಚಟ್ಟಿಯ ತಟ್ಟೆಯನ್ನೂ ನೋಡುತ್ತಾರೆ.

ಗಾಳಿ ಶುದ್ಧ ಆಗುತ್ತದೆ ಅಂತ ಗಿಡ ತರುವವರೂ ಇದ್ದಾರೆ. ಆ ಮಾತು ಹಬ್ಬಿದ್ದು 1989ರ ನಾಸಾ ಪ್ರಯೋಗದಿಂದ. ಅದು ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಇಂಥ ಪ್ರಯೋಗಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರು. ಕಿಟಕಿ ತೆರೆದರೆ ಆಗುವಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕಂತೆ. ಆಮೇಲೆ ನಾವು ಮಲಗುವುದು ಎಲ್ಲಿ? ಚೆಂದಕ್ಕೆ ತನ್ನಿ, ಸಾಕು.

ಮೂಲೆಯಲ್ಲೇ ಇಡಬೇಕು ಅಂತ ಹಟ ಇದ್ದರೆ ದಾರಿ ಉಂಟು. 9 ವ್ಯಾಟಿನ ಸಾದಾ ಬಿಳಿ ಎಲ್‌ಇಡಿ ಬಲ್ಬನ್ನು ಗಿಡದಿಂದ ಒಂದಡಿ ಮೇಲೆ ಹಾಕಿ, ದಿನಕ್ಕೆ 12 ಗಂಟೆ ಉರಿಸಿ. ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ ಕರೆಂಟು. ಎಲೆಗಿಡಕ್ಕೆ ಅಷ್ಟು ಸಾಕು. ನೇರಳೆ ಬಣ್ಣದ ದುಬಾರಿ ಗ್ರೋ ಲೈಟೇ ಆಗಬೇಕೆಂದಿಲ್ಲ, ಅದರ ಬೆಳಕಲ್ಲಿ ಹಾಲ್ ಡಿಜೆ ಸ್ಟೇಜಿನ ಹಾಗೆ ಕಾಣುತ್ತದೆ.

ಕೊನೆಗೆ, ಗೃಹಪ್ರವೇಶಕ್ಕೆ ಗಿಡ ಉಡುಗೊರೆ ಕೊಡುವವರಲ್ಲಿ ಒಂದು ಕೇಳಿಕೆ. ಕೊಡುವ ಮೊದಲು ಅವರ ಮನೆಯ ಕಿಟಕಿ ಯಾವ ದಿಕ್ಕಿಗೆ ಅಂತ ಕೇಳಿ. ಕೇಳಲಿಕ್ಕೆ ನಾಚಿಕೆಯಾದರೆ ಒಂದು ಕಿಲೋ ಬಾಳೆಹಣ್ಣಿನ ಹಲ್ವ ಕೊಡಿ. ಅದನ್ನು ಟಿವಿ ಪಕ್ಕ ಇಟ್ಟರೂ ಏನೂ ಆಗುವುದಿಲ್ಲ.