ಬಿಳಿ ಕಲೆ ಹೋದರೆ ಫ್ಲೋರೈಡ್ ಹೋದ ಹಾಗಲ್ಲ

ಕೇಳುಗರೇ, ನಮಸ್ಕಾರ.

ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಕಡೆ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ನಿಮಗೆ ಗೊತ್ತೇ ಇದೆ. ಈಗ ಎಷ್ಟೋ ಊರುಗಳಿಗೆ ತುಂಗಭದ್ರೆಯ ನೀರು ನಳದಲ್ಲಿ ಬರುತ್ತಿದೆ. ಆದರೂ ನಳ ನಿಂತ ದಿನ ಕೊಡ ಹಿಡಿದು ಹೋಗುವುದು ಬೋರ್‌ವೆಲ್ ಹತ್ತಿರವೇ ಅಲ್ವಾ?

ಫ್ಲೋರೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ. ಅದನ್ನು ಮೀರಿದ ನೀರನ್ನು ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ನೀರು ಕುದಿಸಿದರೂ ಪ್ರಯೋಜನವಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ.

ಫ್ಲೋರೈಡ್ ತೆಗೆಯಲು ಪಾಲಿಮರ್ ಮಣಿಗಳ ದಾರಿ ಇದೆ. ಪಾಲಿಮರ್ ಅಂದರೆ ಸರಪಳಿಯ ಹಾಗೆ ಉದ್ದ ಅಣುಗಳಿರುವ ವಸ್ತು. ಆದರೆ ಇಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. ಹುಬ್ಬಳ್ಳಿಯ ಅಪಾರ್ಟ್‌ಮೆಂಟುಗಳಲ್ಲಿ ಗಡಸು ನೀರನ್ನು ಮೆದು ಮಾಡುವ ಸಾಫ್ಟನರ್ ಇರುತ್ತದೆ. ಅದರ ಸಿಲಿಂಡರ್ ಒಳಗೆ ಗಸಗಸೆ ಗಾತ್ರದ, ಜೇನು ಬಣ್ಣದ, ರೆಸಿನ್ ಎಂಬ ಪಾಲಿಮರ್‌ನ ಮಣಿಗಳಿರುತ್ತವೆ. ಅವು ನೀರಿನ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಪಾತ್ರೆಗೆ ಬಿಳಿ ಕಲೆ ಹತ್ತುವುದು ನಿಲ್ಲುತ್ತದೆ. ನೀರು ಶುದ್ಧ ಆಯ್ತು ಅಂತ ಜನ ನಂಬುತ್ತಾರೆ. ಆದರೆ ಆ ಮಣಿ ಹಿಡಿಯುವುದು ಪ್ಲಸ್ ಚಾರ್ಜ್ ಇರುವುದನ್ನು ಮಾತ್ರ. ಫ್ಲೋರೈಡ್‌ಗಿರುವುದು ಮೈನಸ್. ಅದು ಮಣಿಗಳ ನಡುವೆ ಸುಮ್ನೆ ಹಾದು ಹೋಗುತ್ತದೆ.

ಹಾಗಾದರೆ ಯಾವುದು ಹಿಡಿಯುತ್ತದೆ? ಸಿಗಡಿ ಚಿಪ್ಪಿನಿಂದ ತೆಗೆಯುವ ಚಿಟೊಸಾನ್ ಎಂಬ ಪಾಲಿಮರ್ ಇದೆ. ತನ್ನಷ್ಟಕ್ಕೆ ಅದು ಸೀಸ, ತಾಮ್ರದಂಥ ಲೋಹಗಳನ್ನು, ಕೆಲವು ಬಟ್ಟೆ ಬಣ್ಣಗಳನ್ನು ಚೆನ್ನಾಗಿ ಹಿಡಿಯುತ್ತದೆ. ಅದಕ್ಕೆ ಅಲ್ಯೂಮಿನಿಯಂ, ಜಿರ್ಕೋನಿಯಂ ಅಥವಾ ಲ್ಯಾಂಥನಂ ಲೋಹ ಸೇರಿಸಿದಾಗ ಫ್ಲೋರೈಡ್ ಕೂಡ ಅಂಟಿಕೊಳ್ಳುತ್ತದೆ. ಸಂಶೋಧಕರು ಇಂಥ ಮಣಿಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ. ನನಗೆ ಇದರಲ್ಲಿ ನಿಜವಾದ ಭರವಸೆ ಇದೆ.

ಆದರೆ ಲ್ಯಾಬಿನಲ್ಲಿ ಶುದ್ಧ ನೀರಿಗೆ ಫ್ಲೋರೈಡ್ ಬೆರೆಸಿ ಪಡೆದ ಅಂಕಿಯನ್ನು ಹಾಗೇ ನಂಬಬಾರದು. ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರು ಸಾಮಾನ್ಯವಾಗಿ ಕ್ಷಾರದ ನೀರು. ಅದರಲ್ಲಿ ಫ್ಲೋರೈಡ್‌ನಂತೆಯೇ ಮೈನಸ್ ಚಾರ್ಜ್ ಇರುವ ಬೈಕಾರ್ಬನೇಟ್ ಕೂಡ ಜಾಸ್ತಿ. ಅದೂ ಮಣಿಯ ಮೇಲೆ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತದೆ. ಮಣಿ ಬೇಗ ತುಂಬುತ್ತದೆ. ತುಂಬಿದ ಮೇಲೂ ನೀರು ಮೊದಲಿನಷ್ಟೇ ತಿಳಿಯಾಗಿ ಬರುತ್ತಿರುತ್ತದೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಅದಕ್ಕೇ ಫಿಲ್ಟರ್ ಮಾರಲು ಬಂದವರನ್ನು ಬಿಡದೆ ಕೇಳಿ: ಇದು ಫ್ಲೋರೈಡ್ ಹಿಡಿಯುತ್ತದೆಯಾ? ನಮ್ಮ ಊರಿನ ನೀರಿನಲ್ಲಿ ನೋಡಿದ್ದೀರಾ? ಎಷ್ಟು ಲೀಟರ್ ಆದ ಮೇಲೆ ಮಣಿ ಬದಲಿಸಬೇಕು? ಫಿಲ್ಟರ್ ಹಾಕಿಸುವ ಮೊದಲು ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ. ಹಾಕಿಸಿದ ಮೇಲೆ ಫಿಲ್ಟರಿನಿಂದ ಹೊರಬಂದ ನೀರನ್ನೂ ಆಗಾಗ ಪರೀಕ್ಷೆಗೆ ಕೊಡಿ. ತುಂಬಿದ ಮಣಿಯನ್ನು ಮತ್ತೆ ಬಳಸಲು ರಾಸಾಯನಿಕ ಹಾಕಿ ತೊಳೆದರೆ, ಆ ನೀರಿನಲ್ಲಿ ಮಣಿ ಹಿಡಿದಿದ್ದ ಫ್ಲೋರೈಡ್ ಇರುತ್ತದೆ. ಅದನ್ನು ಬಾವಿ, ಬೋರ್‌ವೆಲ್ ಹತ್ತಿರ ಚೆಲ್ಲಲೇಬೇಡಿ.

ನಮಸ್ಕಾರ.