ಡೈರಿಗೆ ಹಾಲು ಹಾಕಿದ ಹಾಗೆ ಗ್ರಿಡ್‌ಗೆ ಕರೆಂಟ್ ಹಾಕೋ ರೈತರು

ನಮಸ್ಕಾರ! ನೋಡುಗರೊಬ್ಬರು ಕೇಳಿದ್ದಾರೆ: "ಬೋರ್‌ವೆಲ್‌ಗೆ ಸೋಲಾರ್ ಹಾಕಿಸಿದ್ರೆ ಬಿಲ್ಲೂ ಇಲ್ಲ, ಡೀಸೆಲ್ಲೂ ಬೇಡ. ಬಿಸಿಲಿರೋವರೆಗೂ ಮೋಟಾರ್ ಓಡಿಸ್ತಾರೆ. ಹಾಗಾದ್ರೆ ಅಂತರ್ಜಲದ ಗತಿ?" ಒಂದು ವಾರದಿಂದ ನನ್ನ ತಲೇಲಿ ಇದೇ ಓಡ್ತಿದೆ.

ಪ್ಯಾನಲ್ ಹೇಗೆ ಕೆಲಸ ಮಾಡುತ್ತೆ ಅನ್ನೋದು ನಿಮಗೆ ಗೊತ್ತು. ಸೀದಾ ಗುಜರಾತಿಗೆ ಹೋಗೋಣ. ಖೇಡಾ ಜಿಲ್ಲೆ, ಢುಂಡಿ ಗ್ರಾಮ. ಡೀಸೆಲ್ ಪಂಪಲ್ಲಿ ನೀರೆತ್ತುತ್ತಿದ್ದ ಆರು ಜನ ರೈತರು ಸಹಕಾರ ಸಂಘ ಕಟ್ಕೊಂಡು, 2016ರಲ್ಲಿ ತಮ್ಮ ಸೋಲಾರ್ ಪಂಪುಗಳನ್ನ ಗ್ರಿಡ್‌ಗೆ, ಅಂದ್ರೆ ವಿದ್ಯುತ್ ಕಂಪನಿಯ ಲೈನಿಗೆ ಜೋಡಿಸಿದ್ರು. ಒಟ್ಟು 56.4 ಕಿಲೋವ್ಯಾಟ್. ಬೆನ್ನಿಗೆ ನಿಂತಿದ್ದು ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆ.

ಈಗ ನಿಮ್ಮೂರ ಡೈರಿ ನೆನಪಿಸಿಕೊಳ್ಳಿ. ಬೆಳಗ್ಗೆ ಆರಕ್ಕೆ ಕ್ಯಾನ್ ಹಿಡಿದ ಸಾಲು. ಒಬ್ಬರದು ಮೂರು ಲೀಟರ್, ಇನ್ನೊಬ್ಬರದು ಹನ್ನೆರಡು. ಮನೆಗೆ ಬೇಕಾದ್ದು ಉಳಿಸ್ಕೊಂಡು ಮಿಕ್ಕಿದ್ದು ಡೈರಿಗೆ. ಪ್ರತಿಯೊಬ್ಬರದ್ದೂ ಅಳೆದು ಪುಸ್ತಕಕ್ಕೆ ಬರೀತಾರೆ, ಆದ್ರೆ ಲಾರಿಗೆ ಹೋಗೋದು ಇಡೀ ಊರಿನ ಹಾಲು. ಢುಂಡಿಯಲ್ಲೂ ಥೇಟ್ ಹಾಗೇ! ರೈತರ ಲೆಕ್ಕ ಸಂಘದ ಹತ್ರ. ವಿದ್ಯುತ್ ಕಂಪನಿ ಓದೋದು ಸಂಘದ ಒಂದೇ ಮೀಟರ್. ಬಟವಾಡೆ ಸಂಘದ್ದು. 1946ರಲ್ಲಿ ಅಮುಲ್ ಹುಟ್ಟಿದ್ದೂ ಆಗಿನ ಖೇಡಾ ಜಿಲ್ಲೆಯಲ್ಲೇ ಅನ್ನೋದು ನಂಗೆ ಬಹಳ ಖುಷಿ ಕೊಟ್ಟ ವಿಷಯ.

ಸರಿ, ನೀರು? ಶುರುವಿನಲ್ಲಿ ಗ್ರಿಡ್‌ಗೆ ಹಾಕಿದ ಪ್ರತಿ ಯೂನಿಟ್‌ಗೆ ಕಂಪನಿಯಿಂದ 4.63 ರೂಪಾಯಿ ಸಿಗ್ತಿತ್ತು. ಹಸಿರು ವಿದ್ಯುತ್ತಿಗೆ ಅಂತ 1.25, ನೀರು ಉಳಿಸಿದ್ದಕ್ಕೆ ಅಂತ ಇನ್ನೊಂದು 1.25 ಆ ಜಲ ಸಂಸ್ಥೆಯಿಂದ. ಒಟ್ಟು 7.13. ಐದು ಎಚ್‌ಪಿ ಮೋಟಾರ್ ಒಂದು ಗಂಟೆ ಓಡಿದ್ರೆ ಹೆಚ್ಚುಕಮ್ಮಿ ನಾಲ್ಕು ಯೂನಿಟ್, ಅಂದ್ರೆ ಮಾರಿದ್ರೆ ಕೈಗೆ ಬರ್ತಿದ್ದ 28 ರೂಪಾಯಿ ಹೋದ ಹಾಗೆ. ಮಡಿ ತುಂಬಿದ ಮೇಲೂ ಮೋಟಾರ್ ಓಡ್ತಿದ್ರೆ ರೈತ ತಾನೇ ಎದ್ದು ಹೋಗಿ ಆಫ್ ಮಾಡ್ತಾನೆ. ಯಾರೂ ಹೇಳಬೇಕಾಗಿಲ್ಲ.

ನಮ್ಮಲ್ಲಿ ಹತ್ತು ಎಚ್‌ಪಿವರೆಗೆ ಕರೆಂಟ್ ಉಚಿತ. ಆದ್ರೆ ಎಷ್ಟೋ ಕಡೆ ತ್ರೀ ಫೇಸ್ ಬರೋದು ರಾತ್ರಿ. ಟಾರ್ಚ್ ಹಿಡಿದು ಹಾವು-ಚೇಳಿನ ಭಯದಲ್ಲೇ ನೀರು ಕಟ್ಟಬೇಕು, ಇಲ್ಲ ಆಟೋ ಸ್ಟಾರ್ಟರ್ ಹಾಕಿ ಮಲಗಬೇಕು. ನೀರು ಬೆಳಗಿನವರೆಗೂ ಬದು ದಾಟಿ ಹರೀತಿರುತ್ತೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಟೈಮ್ ಆಗ್ತಿದೆ, ಉಳಿದಿದ್ದು ಬೇಗ ಬೇಗ: ಕಂಪನಿ ಜೊತೆ ಒಪ್ಪಂದ 25 ವರ್ಷದ್ದು, ಅದಕ್ಕಾಗಿ ರೈತರು ಸಬ್ಸಿಡಿ ಕೃಷಿ ಸಂಪರ್ಕ ಕೇಳೋ ಹಕ್ಕು ಬಿಟ್ಟುಕೊಟ್ರು. ಪಂಪಿನ ಖರ್ಚಲ್ಲಿ ದೊಡ್ಡ ಪಾಲು ಸಂಸ್ಥೆಯದ್ದೇ, ಅದನ್ನ ಮರೆಯೋ ಹಾಗಿಲ್ಲ. ಪಕ್ಕದ ಹೊಲಗಳಿಗೆ ನೀರು ಮಾರೋದೂ ಇದೆ, ಹಾಗಾಗಿ ಮೋಟಾರ್ ಪೂರ್ತಿ ನಿಂತಿಲ್ಲ. ಸಹಕಾರಿ ವಿದ್ಯುತ್ ನಮಗೂ ಹೊಸದಲ್ಲ, ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರದ್ದು. ಅದರ ಕಥೆ ಮುಂದಿನ ವಾರ.

ಅಲ್ಲಿವರೆಗೆ ಈ ವಿಡಿಯೋನ ನಿಮ್ಮೂರ ಡೈರಿ ಸೆಕ್ರೆಟರಿಗೆ ಒಂದ್ಸಲ ತೋರಿಸಿ.