ಕಲ್ಲಿನ ಪ್ರತಿಮೆ, ಕಾಲಲ್ಲಿ ತುಳಿಯುವ ರೇಡಿಯೋ

ಕೇಳುಗರಿಗೆ ನಮಸ್ಕಾರ.

ಆಸ್ಟ್ರೇಲಿಯಾದ ಅಡಿಲೇಡ್ ನಗರದಲ್ಲಿ, ರಾಜ್ಯಪಾಲರ ನಿವಾಸದ ಮಗ್ಗುಲಲ್ಲಿ ಒಂದು ಪುಟ್ಟ ಉದ್ಯಾನವಿದೆ. ಅದರೊಳಗೆ ಸುಣ್ಣಕಲ್ಲಿನಲ್ಲಿ ಕಡೆದ ಒಬ್ಬ ಹೆಣ್ಣುಮಗಳ ಪ್ರತಿಮೆಯಿದೆ. 1836ರಿಂದ ಹಡಗುಗಳಲ್ಲಿ ಬಂದು ದಕ್ಷಿಣ ಆಸ್ಟ್ರೇಲಿಯಾದಲ್ಲಿ ನೆಲೆನಿಂತ ವಲಸೆಗಾರ ಮಹಿಳೆಯರ ಸ್ಮಾರಕವದು. ಆ ನೆಲದಲ್ಲಿ ಅವರಿಗಿಂತ ಸಾವಿರಾರು ವರ್ಷ ಮೊದಲೇ ಕೌರ್ನಾ ಜನರ ಹೆಂಗಸರು ಒಲೆ ಹೊತ್ತಿಸಿದ್ದರು ಎಂಬುದನ್ನು ಮರೆಯದೆ ಮುಂದೆ ಹೋಗೋಣ. ಉದ್ಯಾನದ ವಿನ್ಯಾಸ ಎಲ್ಸಿ ಕಾರ್ನಿಷ್ ಅವರದು, ಶಿಲ್ಪ ಓಲಾ ಕೋನ್ ಅವರದು. 1941ರ ಏಪ್ರಿಲ್‌ನಲ್ಲಿ ಅದು ತೆರೆಯಿತು.

ನೋಡಲು ಹೋದವರು ಪ್ರತಿಮೆಯ ಮುಂದೆ ಪಟ ತೆಗೆಸಿಕೊಂಡು ಮರಳುತ್ತಾರೆ. ಅರ್ಧ ಸ್ಮಾರಕವನ್ನಷ್ಟೇ ಅವರು ನೋಡಿರುತ್ತಾರೆ! ದಕ್ಷಿಣ ಆಸ್ಟ್ರೇಲಿಯಾದ ಶತಮಾನೋತ್ಸವಕ್ಕೆಂದು ಅಡಿಲೇಡ್ ಮೀಥ್ಕಿ ಎಂಬ ಶಿಕ್ಷಣಾಧಿಕಾರಿಯ ನೇತೃತ್ವದಲ್ಲಿ ಮಹಿಳೆಯರು ಕೂಡಿಸಿದ ಹಣದಿಂದ ಉದ್ಯಾನವಷ್ಟೇ ಅಲ್ಲ, ಮರುಭೂಮಿಯ ನಡುವಿನ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ, ವೈದ್ಯರು ವಿಮಾನದಲ್ಲಿ ದೂರದ ರೋಗಿಗಳ ಬಳಿಗೆ ಹೋಗುವ ವಿಮಾನ ವೈದ್ಯ ಸೇವೆಯ ನೆಲೆಯೂ 1939ರಲ್ಲಿ ಎದ್ದಿತು. ನಿಜವಾದ ಸ್ಮಾರಕ ಅದೇ ಎಂದು ನಾನು ಹೇಳುತ್ತೇನೆ.

ಏಕೆಂದು ತಿಳಿಯಬೇಕಾದರೆ ಒಂದು ಒಂಟಿಮನೆಯನ್ನು ಕಲ್ಪಿಸಿಕೊಳ್ಳಿ. ದನ ಕಾಯಲು ಹೋದ ಗಂಡ ವಾರಗಟ್ಟಲೆ ಬರುವುದಿಲ್ಲ, ನೆರೆಮನೆ ಒಂದು ದಿನದ ದಾರಿ, ತೊಟ್ಟಿಲಿನಲ್ಲಿ ಮಗುವಿಗೆ ಕೆಂಡದಂಥ ಜ್ವರ, ಮನೆಯಲ್ಲಿ ವಿದ್ಯುತ್ತೂ ಇಲ್ಲ. ಅಡಿಲೇಡಿನ ಆಲ್ಫ್ರೆಡ್ ಟ್ರೇಗರ್ ಅಂಥ ಮನೆಯವರು ದೂರದ ವೈದ್ಯರನ್ನು ಸಂಪರ್ಕಿಸಲೆಂದೇ 1929ರ ವೇಳೆಗೆ ಪೆಡಲ್ ರೇಡಿಯೋ ರೂಪಿಸಿದರು. ಹೊಲಿಗೆ ಯಂತ್ರ ತುಳಿದು ಬಲ್ಲವರಿಗೆ ವಿವರಿಸಬೇಕಾಗಿಲ್ಲ: ಮೇಜಿನ ಕೆಳಗೆ ಕಾಲು ಪೆಡಲು ತುಳಿಯುತ್ತದೆ, ವಿದ್ಯುತ್ತು ಹುಟ್ಟುತ್ತದೆ, ಕೈ ಎರಡೂ ಬಿಡುವಾಗಿರುತ್ತವೆ. ಮೊದಮೊದಲು ಅಕ್ಷರಗಳನ್ನು ಚುಕ್ಕೆ-ಗೀಟುಗಳಾಗಿಸುವ ಮೋರ್ಸ್ ಸಂಕೇತವನ್ನು ಕುಟ್ಟಬೇಕಿತ್ತು. ಅದು ತೊಡಕೆಂದು ಕಂಡಾಗ, ಅಕ್ಷರದ ಕೀಲಿ ಒತ್ತಿದರೆ ತಾನೇ ಸಂಕೇತ ಕಳಿಸುವ ಯಂತ್ರವನ್ನು ಅವರೇ ಮಾಡಿಕೊಟ್ಟರು. ಮುಂದೆ ಮಾತೇ ಹರಿಯತೊಡಗಿತು. ಔಷಧದ ಪೆಟ್ಟಿಗೆಯಲ್ಲಿ ಪ್ರತಿ ಸೀಸೆಗೂ ಅಂಕಿ ಹಚ್ಚಿದ ಮೇಲೆ, ವೈದ್ಯರು ಅಂಕಿ ಹೇಳಿದರೆ ಸಾಕು, ತಾಯಿ ಅದನ್ನೇ ತೆಗೆದು ಕೊಡುತ್ತಿದ್ದಳು. ಹೆಂಗಸರು ರೇಡಿಯೋದಲ್ಲಿ ತಮ್ಮತಮ್ಮಲ್ಲೇ ಸುಖದುಃಖ ಹಂಚಿಕೊಳ್ಳುತ್ತಿದ್ದ ಆ ಸಮಯಕ್ಕೇ ಗದ್ದಲದ ಗುಲಾಬಿ ಗಿಳಿಯಾದ ಗಲಾದ ಹೆಸರು ಬಿತ್ತು. ಹೆಸರಿಟ್ಟವರು ಗಂಡಸರೇ ಇರಬೇಕು.

ಗಡಿಯಾರ ನೋಡಿದರೆ ನನ್ನ ಸಮಯ ಮುಗಿಯುತ್ತ ಬಂದಿದೆ. ಉದ್ಯಾನದ ಸೂರ್ಯಗಡಿಯಾರದ ಬಗ್ಗೆ ಹೇಳಲಾಗಲಿಲ್ಲ. ಒಂಟಿಮನೆಗಳ ಮಕ್ಕಳ ಸಂಕೋಚವನ್ನು ಗಮನಿಸಿದ ಮೀಥ್ಕಿ ಅವರು, ಇದೇ ರೇಡಿಯೋದಲ್ಲಿ ಪಾಠ ಹೇಳಬಾರದೇಕೆ ಎಂದು ಯೋಚಿಸಿದರು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಬಾನುಲಿ ಶಾಲೆ ಆರಂಭವಾಯಿತು. ಅದು ಇಂದಿಗೂ ನಡೆಯುತ್ತಿದೆ. ನಮಸ್ಕಾರ.